ಕೈಗೆ ನೀರು ಹಾಕಿದ ದಿನಗಳು

ಮಾರ್ಚ್ 4, ಬೆಳಿಗ್ಗೆ

ಕೈಗೆ ನೀರು ಹಾಕಿದೆ. ಮಣಿಕಟ್ಟಿನ ಸುತ್ತ ಎರಡು ಲೋಟ, ಈ ಕೈ ಮಾಡಿಕೊಟ್ಟ ಬಡಗಿ ಹೇಳಿದ ಹಾಗೆ. ಇವತ್ತಿಗೆ ಹದಿನೆಂಟನೇ ದಿನ. ಐದು ಮರದ ಬೆರಳು, ಐದೂ ಒಣ ಕಡ್ಡಿ. ತೊಂಬತ್ತು ದಿನದೊಳಗೆ ಚಿಗುರಿದರೆ ಬೆರಳು ಮಡಚುತ್ತವೆ, ಬಿಸಿ ತಂಪು ಎಲ್ಲ ತಿಳಿಯುತ್ತದೆಯಂತೆ. ಇಲ್ಲದಿದ್ದರೆ ಮರ ಸತ್ತ ಹಾಗೆ. ತೆಗೆದುಬಿಡುತ್ತಾರೆ.

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕಾಗೆ ಕಾಲು ಗುಬ್ಬಿ ಕಾಲು. ಇಪ್ಪತ್ತು ವರ್ಷ ಅಂಗಡಿ ಬೋರ್ಡ್ ಬರೆದವಳು ನಾನು. ಸ್ಕೇಲ್ ಇಲ್ಲದೆ ನೇರ ಗೆರೆ ಎಳೆಯುತ್ತೇನೆಂದು ವರ್ಕ್‌ಶಾಪಿನಲ್ಲಿ ‘ಗೆರೆರಾಣಿ’ ಅನ್ನುತ್ತಿದ್ದರು. ಒಂದು ಶಟರ್ ಬಿತ್ತು, ಬಲಗೈ ಹೋಯಿತು. ಮೇ ಹದಿನೈದರವರೆಗೆ ನನ್ನ ಸ್ಟೂಲ್ ಖಾಲಿ ಇಡುತ್ತಾರಂತೆ ಯಜಮಾನರು. ಆಮೇಲೆ ಬೇರೆಯವರಿಗೆ.

ಮಾರ್ಚ್ 9

ಬಡಗಿ ಬಂದಿದ್ದರು. ವಾರಕ್ಕೊಮ್ಮೆ ಬಂದು ತಾವು ಕೆತ್ತಿದ ಕೈ ನೋಡಿ ಹೋಗುತ್ತಾರೆ. ಅವರು ಬರುವ ಹೊತ್ತಿಗೆ ಗ್ಲೌಸ್ ತೆಗೆದಿಡುತ್ತೇನೆ. ಇವತ್ತು ಅತ್ತಿಗೆ ಬಾಯಿ ಬಿಟ್ಟರು.

“ಇವಳು ಮಲಗೋವಾಗ್ಲೂ ಗ್ಲೌಸ್ ತೆಗೆಯಲ್ಲ ಕಣ್ರೀ.”

ಬಡಗಿ ನನ್ನ ಮುಖ ನೋಡಿದರು. “ಗಿಡಕ್ಕೆ ಕಂಬಳಿ ಹೊದಿಸಿ, ಬೆಳೀಲಿಲ್ಲ ಅಂದ್ರೆ ಹೇಗೆ? ಬಿಸಿಲು ಬೇಡ್ವಾ ಅದಕ್ಕೆ?”

“ಜನ ನೋಡ್ತಾರೆ.”

“ಇದನ್ನ ಕೆತ್ತೋವಾಗ ಒಂದು ತಿಂಗಳು ನಾನೂ ನೋಡಿದೀನಿ. ನನಗೇನೂ ಆಗಲಿಲ್ಲ.”

ಕೋಪ ಬಂತು. ಅವರು ಹೋದ ಮೇಲೆ ಅಳು ಬಂತು.

ಮಾರ್ಚ್ 30

ಮೂರು ವಾರ ಏನೂ ಬರೆದಿಲ್ಲ. ಬರೆಯುವುದೇನಿತ್ತು... ಗ್ಲೌಸ್ ತೆಗೆದು ರಸ್ತೆ ಮೂಲೆಯವರೆಗೆ ಹೋಗುವುದು, ಮತ್ತೆ ಹಾಕಿಕೊಂಡು ವಾಪಸ್ ಬರುವುದು. ನಾಲ್ಕು ಸಲ.

ಇವತ್ತು ಬಡಗಿ “ನಾನೂ ಬೇಕರಿ ಕಡೆನೇ ಹೋಗ್ತಿದೀನಿ” ಅಂದರು. ಅವರ ಮನೆ ಆ ಕಡೆ ಅಲ್ಲವೇ ಅಲ್ಲ. ಜೊತೆಗೆ ನಡೆದೆ, ಬರಿಗೈಯಲ್ಲಿ. ಬೇಕರಿಯಾಕೆ ನೋಡಿದಳು, ಬಗ್ಗಿ ನೋಡಿದಳು, ಕೇಳಿದಳು—

“ಯಾವ ಮರ ಅಕ್ಕಾ ಇದು?”

ಗೊತ್ತಿರಲಿಲ್ಲ. ನಲವತ್ತನಾಲ್ಕು ದಿನ ಹೊತ್ತು ತಿರುಗಿದ್ದೇನೆ, ಒಮ್ಮೆಯೂ ಕೇಳಿರಲಿಲ್ಲ.

“ಕಿತ್ತಳೆ” ಅಂದರು ಬಡಗಿ.

ಏಪ್ರಿಲ್ 12, ಮಧ್ಯಾಹ್ನ

ಹೆಬ್ಬೆರಳ ತುದಿಯಲ್ಲಿ ಹಸಿರು. ಸಾಸಿವೆ ಕಾಳಿನಷ್ಟು.

ಕೂಗಿದೆ. ಅತ್ತಿಗೆ ಒಲೆ ಆರಿಸದೆ ಓಡಿ ಬಂದರು. ಹಾಲು ಸೀದುಹೋಯಿತು. “ನಾನು ಆಗ್ಲೇ ಹೇಳ್ಲಿಲ್ವಾ ಚಿಗುರತ್ತೆ ಅಂತ?” ಅಂದರು. ಒಂದು ದಿನವೂ ಹೇಳಿಲ್ಲ ಪುಣ್ಯಾತ್ಗಿತ್ತಿ. ಇಬ್ಬರೂ ಕೂತು ಅತ್ತೆವು.

ಏಪ್ರಿಲ್ 27

ಮೂರು ಬೆರಳು ಮಡಚುತ್ತಿವೆ. ಟೀ ಕಪ್ ಎತ್ತಿದೆ. ಬಿದ್ದು ಒಡೆಯಿತು. ಆದರೂ ಎತ್ತಿದ್ದಂತೂ ನಿಜ!

ಬಡಗಿಯ ಅಂಗಡಿಗೆ ಹೋಗಿದ್ದೆ. ಇಷ್ಟು ವರ್ಷವಾದರೂ ಬೋರ್ಡೇ ಇಲ್ಲ.

“‘ಇಲ್ಲಿ ಕೈ ಕೊಡಲಾಗುತ್ತದೆ’ ಅಂತ ಬರೆದುಕೊಡ್ಲಾ?”

“ಅಯ್ಯೋ ಬೇಡ. ಆಮೇಲೆ ನನಗ್ಯಾರು ಹೆಣ್ಣು ಕೊಡ್ತಾರೆ?”

ಅವರು ನಗುವುದನ್ನು ಮೊದಲ ಸಲ ನೋಡಿದೆ. ನನ್ನ ಮುಖ ಯಾಕೆ ಬಿಸಿಯಾಯಿತೋ. ಈ ವಯಸ್ಸಿಗೆ.

ಮೇ 10

ವರ್ಕ್‌ಶಾಪ್‌ಗೆ ಹೋಗಿ ಬ್ರಷ್ ಹಿಡಿದೆ. ಗೆರೆ ಹಾವಿನ ಹಾಗೆ ಹೋಯಿತು. ಹತ್ತು ಸಲ ಎಳೆದೆ. ಹತ್ತು ಹಾವು. ಕಿರುಬೆರಳು ಇನ್ನೂ ಒಣಗಿಯೇ ಇದೆ.

“ಪರವಾಗಿಲ್ಲಮ್ಮ. ಗೋದಾಮಲ್ಲಿ ಪೇಂಟ್ ಡಬ್ಬ ಜೋಡಿಸೋ ಕೆಲಸ ಇದೆ, ನೋಡ್ಕೋ” ಅಂದರು ಯಜಮಾನರು.

ಎರಡು ತಿಂಗಳ ಹಿಂದಾಗಿದ್ದರೆ ಕೈಮುಗಿದು ಒಪ್ಪುತ್ತಿದ್ದೆ.

“ಬೇಡ ಸಾರ್. ಹದಿನೈದಕ್ಕೆ ಬಂದು ಬೋರ್ಡ್ ಬರೀತೀನಿ. ಅಲ್ಲೀತನಕ ನನ್ನ ಸ್ಟೂಲ್ ಮುಟ್ಟಬೇಡಿ.”

ಇದು ನನ್ನದೇ ಬಾಯಾ?

ಮೇ 12

ತಪ್ಪು ಗೊತ್ತಾಯಿತು. ಹೋದ ಕೈಯ ಕೆಲಸವನ್ನು ಬಂದ ಕೈಯಿಂದ ಮಾಡಿಸುತ್ತಿದ್ದೆ. ಕಿತ್ತಳೆ ಕೊಂಬೆ ನೇರ ಬೆಳೆಯುತ್ತದೆಯೇ? ಬಿಗಿ ಹಿಡಿಯದೆ ಅದರ ಪಾಡಿಗೆ ಬಿಟ್ಟೆ. ಗೆರೆ ಬಾಗಿತು, ಸುತ್ತಿತು, ಅಕ್ಷರವಾಯಿತು. ಗುಂಡಗೆ, ತುಂಬಿಕೊಂಡು. ನನ್ನ ಹಳೇ ಕೈಗೆ ಇಂಥ ಅಕ್ಷರ ಯಾವತ್ತೂ ಬಂದಿರಲಿಲ್ಲ.

ಮೇ 15, ಸಂಜೆ

ಬರೆದೆ. ಎಲ್ಲರ ಎದುರಿಗೆ, ಒಂದೇ ಒಂದು ಅಕ್ಷರ ತಿದ್ದದೆ. ‘ಇಲ್ಲಿ ಕೈ ಬೆಳೆಸುತ್ತೇವೆ.’

ಯಜಮಾನರು ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. ದೂರ ಹೋಗಿ ನೋಡಿದರು. ಆಮೇಲೆ ಕಾಲಿನಿಂದ ಸ್ಟೂಲ್ ನನ್ನ ಕಡೆ ತಳ್ಳಿದರು.

“ಕೂತ್ಕೋ ಗೆರೆರಾಣಿ. ನಾಳೆ ಔಷಧಿ ಅಂಗಡೀದು ಬೋರ್ಡ್ ಇದೆ.”

“ನಾಳೆ ಆಗಲ್ಲ ಸಾರ್. ನಾಡಿದ್ದು ಬರ್ತೀನಿ. ನಾಳೆ ಈ ಬೋರ್ಡ್ ಬಡಗಿ ಅಂಗಡೀಗೆ ಕಟ್ಟಬೇಕು.”

ಇದನ್ನೆಲ್ಲ ಬಲಗೈಯಲ್ಲಿ ಬರೆಯುತ್ತಿದ್ದೇನೆ. ಗೆದ್ದೆ. ಇನ್ನೊಂದು ಸಲ ಬರೆಯುತ್ತೇನೆ—ಗೆದ್ದೆ.

ಮೇ 16, ಸಂಜೆ 6

ಬೋರ್ಡ್ ಕಟ್ಟಿಯಾಯಿತು. ಬಡಗಿ ಏಣಿ ಮೇಲೆ, ನಾನು ಕೆಳಗೆ ನಿಂತು ಆ ಕಡೆ ಈ ಕಡೆ ಅಂತ ಅಧಿಕಾರ ಚಲಾಯಿಸಿದೆ. ಈಗ ಅಂಗಡಿ ಮೆಟ್ಟಿಲ ಮೇಲೆ ಇಬ್ಬರೂ ಕೂತಿದ್ದೇವೆ. ಕಿರುಬೆರಳಿನಲ್ಲಿ ಎಲೆಯಲ್ಲ, ನೇರ ಹೂವೇ ಬಂದಿದೆ. ಬಿಳಿ. ಪುಸ್ತಕಕ್ಕೆಲ್ಲ ಅದರದೇ ವಾಸನೆ.

“ಏನ್ ಬರೀತಿದೀಯಾ?” ಅಂದ.

ಬರೀತಿದೀಯಾ! ಮೂರು ತಿಂಗಳು ‘ನೀವು’ ಅಂದವನು. ಪುಟ ಮುಚ್ಚಿಕೊಂಡೆ. ಅವನು ಕೈ ಹಿಡಿದ, ಈ ಮರದ ಕೈಯನ್ನೇ. ಅವನ ಅಂಗೈ ಒರಟು. ಬಿಸಿ. ತಿಳಿಯುತ್ತಿದೆ, ಎಲ್ಲ ತಿಳಿಯುತ್ತಿದೆ.

ಸಾಲು ಮುಗಿಸುತ್ತೇನೆ ಬಿಡು ಅಂದರೆ ಬಿಡುತ್ತಿಲ್ಲ. ಪೆನ್ನು ಎಡಗೈಗೆ ಬಂದಿದೆ. ಮತ್ತೆ ಕಾಗೆ ಕಾಲು. ಇರಲಿ, ಬಲಗೈ ಈಗ ಕೆಲಸದಲ್ಲಿದೆ.