ಪಾತಾಳಸಂಧಿಯಲ್ಲಿ ನಿನ್ನ ಹೆಸರು

ನವಲಿ
೨೪-೧೨-೧೯೪೫, ಸೋಮವಾರ
ಮಾರ್ಗಶಿರ ಬಹುಳ ಪಂಚಮಿ

ಚಿರಂಜೀವಿ ಗಾಳೆಪ್ಪನಿಗೆ ನಿಮ್ಮಪ್ಪ ಗಾದಿಲಿಂಗಪ್ಪನ ಮನಸಾರೆ ಆಶೀರ್ವಾದಗಳು.

ನಾವು ಇಲ್ಲಿ ಕ್ಷೇಮ. ಪುಣೆಯ ಆಸ್ಪತ್ರೆಯಿಂದ ನೀನು ಬರೆದ ಕಾಗದ ದೀಪಾವಳಿ ಮುಗಿದ ಮೂರನೆಯ ದಿನ ಕೈಸೇರಿತು. ಒಂದೂವರೆ ತಿಂಗಳಾದರೂ ಉತ್ತರ ಬರೆಯದ ಈ ಮುದುಕನನ್ನು ನೀನು ಬೈದುಕೊಂಡಿರುತ್ತೀ. ಬೈ, ಬೈಸಿಕೊಳ್ಳುವುದು ನನಗೆ ನ್ಯಾಯವೇ. ಐದು ಸಲ ಬರೆದೆ, ಐದು ಸಲವೂ ಒಲೆಗೆ ಹಾಕಿದೆ. ಕಾಲಿನ ಗಾಯ ಮಾಯಿತೇ? ಆ ಆಸ್ಪತ್ರೆಯಲ್ಲಿ ರೊಟ್ಟಿ ಕೊಡುತ್ತಾರೋ, ಬರೀ ಗಂಜಿಯೋ? ಎಮ್ಮೆ ಕರು ಹಾಕಿದೆ. ಕರಿಗಲ್ಲ ಹೊಲದ ಜೋಳ ಎದೆಮಟ ಬೆಳೆದು ನಿಂತಿದೆ.

ನೀನು ಕೊಪ್ಪಳ ಸ್ಟೇಷನ್ನಿನಲ್ಲಿ ಇಳಿಯುವ ಮೊದಲು ಈ ಕಾಗದ ಓದಿರಬೇಕು. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನಮ್ಮೂರಿನವರ ಪಾಲಿಗೆ ನೀನು ಸತ್ತಿದ್ದೀ ಮಗನೇ. ಹೋದ ವರ್ಷ ಮಾನಮಿ ಅಮಾವಾಸ್ಯೆಯ ದಿನ ಪಾತಾಳಸಂಧಿಯಲ್ಲಿ ನಿನ್ನ ಹೆಸರು ಓದಿಯಾಗಿದೆ. ಓದಿದವನು ನಾನೇ.

ನಮ್ಮ ಪದ್ಧತಿ ನಿನಗೆ ಗೊತ್ತು. ನೀನು ಹುಡುಗನಿದ್ದಾಗ ನನ್ನ ತೊಡೆಗೆ ಒತ್ತಿ ಕುಳಿತು ಕೇಳಿದವನು. ನಮ್ಮ ಪುರಾಣದ ಈ ಸಂಧಿಯಲ್ಲಿ ಹೊನ್ನಗಿರಿರಾಯ ಸತ್ತ ತಮ್ಮನನ್ನು ಕರೆತರಲು ಹುತ್ತದ ಬಾಯಿಂದ ಪಾತಾಳಕ್ಕೆ ಇಳಿಯುತ್ತಾನೆ. ಅಲ್ಲಿಯ ನೀರು ಕುಡಿಯಬಾರದು, ಹಿಂದೆ ತಿರುಗಿ ನೋಡಬಾರದು. ಮೂರನೆಯ ಬಾಗಿಲಿಗೆ ಬಂದಾಗ ನಾನು ಹೊತ್ತಿಗೆಯ ಮೇಲೆ ಕೈಯಿಟ್ಟು ನಿಲ್ಲಿಸುತ್ತೇನೆ. ಆ ವರ್ಷ ಸಾವಾದ ಮನೆಯವರು ಒಬ್ಬೊಬ್ಬರಾಗಿ ಬಂದು ನನ್ನ ವಲ್ಲಿಯಲ್ಲಿ ಒಂದು ಹಿಡಿ ಜೋಳ ಹಾಕಿ ಸತ್ತವರ ಹೆಸರು ಹೇಳುತ್ತಾರೆ. ಆ ಹೆಸರನ್ನು ನಾನು ಪದ್ಯದೊಳಗೆ ಸೇರಿಸಿ ಓದಬೇಕು. ರಾಯ ಕೇಳುತ್ತಾನೆ, ನಮ್ಮೂರಿನ ಇಂಥವನು ಇಲ್ಲಿಗೆ ಬಂದನೇ ಎಂದು. ಬಾಗಿಲ ಕಾಯುವವನು ಬಂದಿದ್ದಾನೆ, ನೆರಳಲ್ಲಿ ಕುಳಿತಿದ್ದಾನೆ ಎನ್ನುತ್ತಾನೆ. ಪಕ್ಕದಲ್ಲಿ ಕುಳಿತ ಜಿಲಾನಸಾಬ ಅದರ ಅರ್ಥವನ್ನು ಎಲ್ಲರಿಗೂ ಬಿಡಿಸಿ ಹೇಳುತ್ತಾನೆ. ಅಲ್ಲಿಗೆ ಆ ಮನೆಯ ಅಳು ಮುಗಿಯಿತು. ಇಪ್ಪತ್ತೆರಡು ವರ್ಷ ನಾವಿಬ್ಬರೂ ಹೀಗೆಯೇ ನಡೆಸಿಕೊಂಡು ಬಂದೆವು.

ನಿನ್ನ ಪಲ್ಟನ್ನಿದ್ದ ಸಿಂಗಾಪುರ ಜಪಾನಿನವರ ಕೈಗೆ ಬಿತ್ತು ಎಂಬ ಸುದ್ದಿ ಬಂದ ಮೇಲೆ ಎರಡೂವರೆ ವರ್ಷ ನಿನ್ನಿಂದ ಒಂದು ಕಾರ್ಡೂ ಇರಲಿಲ್ಲ. ಪಲ್ಟನ್ನಿಗೆ ಬರೆದರೆ ಗೊತ್ತಿಲ್ಲ ಎಂದರು. ನಿಮ್ಮವ್ವ ಮಾರೆವ್ವ ಟಪಾಲಿನವನ ಬೆನ್ನು ಹತ್ತಿ ಊರ ಹೊರಗಿನ ಹಳ್ಳದವರೆಗೆ ಹೋಗುತ್ತಿದ್ದಳು. ನಿನ್ನ ಹೆಂಡತಿ ಹುಲಗೆಮ್ಮ ಉಣ್ಣುವುದನ್ನೇ ಬಿಟ್ಟಿದ್ದಳು. ಹಿರಿಯರು ಬಂದು ಆ ಹುಡುಗಿಯ ಮುಖ ನೋಡು ಗಾದಿಲಿಂಗಪ್ಪ ಎಂದರು. ಕೊನೆಗೆ ಆ ಅಮಾವಾಸ್ಯೆಯ ದಿನ ಅವಳೇ ಎದ್ದು ಬಂದು ಜೋಳ ಹಾಕಿದಳು. ನಿನ್ನ ಹೆಸರು ಹೇಳುವಾಗ ದನಿ ಹೊರಡಲಿಲ್ಲ, ಬರೀ ತುಟಿ ಅಲುಗಿತು.

ನೀನು ಕಾಗದದಲ್ಲಿ ಅವಳಿಗೊಂದು ಸೀರೆ ತಂದಿದ್ದೇನೆ ಎಂದು ಬರೆದಿದ್ದೀ. ಅದನ್ನು ಓದಿ ಎದೆ ಒಡೆಯಿತಪ್ಪ. ಹುಲಗೆಮ್ಮ ಈಗ ನಮ್ಮ ಮನೆಯಲ್ಲಿಲ್ಲ. ಯುಗಾದಿ ಆದಮೇಲೆ ಅವಳನ್ನು ತಳಕಲ್ಲಿನ ಪಂಪಣ್ಣನಿಗೆ ಉಡಿಕಿಯಲ್ಲಿ ಎರಡನೆಯ ಮದುವೆ ಮಾಡಿ ಕೊಟ್ಟೆವು. ಹೆಂಡತಿ ಸತ್ತವನು, ಒಳ್ಳೆಯ ದುಡಿಮೆಗಾರ, ಗಟ್ಟಿಯಾಗಿ ಮಾತಾಡುವವನಲ್ಲ. ಅವಳು ಈಗ ಐದು ತಿಂಗಳ ಬಸುರಿ. ಅವಳ ಮೇಲೆ ಸಿಟ್ಟು ಮಾಡಬೇಡ. ಸಿಟ್ಟು ತೀರಿಸಿಕೊಳ್ಳಲು ನಾನಿದ್ದೇನೆ.

ನಿನ್ನ ಕಾಗದ ಬಂದ ದಿನ ಊರಲ್ಲಿ ಖುಷಿಗಿಂತ ಅಂಜಿಕೆಯೇ ಹೆಚ್ಚಾಯಿತು. ಪಕ್ಕದ ಮನೆಯ ಹುಚ್ಚೀರಪ್ಪ ಲಕೋಟೆಯನ್ನು ಮುಟ್ಟಲಿಲ್ಲ. ದೂರ ನಿಂತು, “ಕೆಳಗಿಂದನೂ ಟಪಾಲ ಬರ್ತಾವೇನ್ರಿ?” ಎಂದ. ನಾನು ಬೈದೆ. “ಅಕ್ಷರ ಅವಂದ ಐತೋ ಮಾರಾಯ, ಕಣ್ಣ ಕಾಣಂಗಿಲ್ಲೇನು?” ಎಂದರೆ, “ಅಕ್ಷರ ಅವಂದ ಇರಬಹುದು. ಬರದಾಂವ ಯಾರಂತ ಹ್ಯಾಂಗ ಹೇಳ್ತೀರಿ?” ಎಂದ. ಪಾತಾಳಸಂಧಿಯಲ್ಲಿ ಓದಿದ ಹೆಸರಿನವನು ಊರ ಗಡಿ ದಾಟಿ ಬಂದದ್ದು ಈವರೆಗೆ ಇಲ್ಲವಲ್ಲ. ಹಿರಿಯರು ಕೂಡಿ ತೀರ್ಮಾನ ಮಾಡಿದರು. ಮತ್ತೊಮ್ಮೆ ಸಂಧಿ ಓದಬೇಕು, ಈ ಸಲ ರಾಯ ಮೇಲೆ ಹತ್ತಿ ಬರುವಾಗ ನಿನ್ನನ್ನೂ ಜೊತೆಗೆ ಕರೆತರಬೇಕು, ಜೋಳ ಹಾಕಿದವಳೇ ಜೋಳ ಹಿಂದಕ್ಕೆ ತೆಗೆದುಕೊಂಡು ನಿನ್ನನ್ನು ಹೆಸರು ಹಿಡಿದು ಕರೆಯಬೇಕು.

ಈ ಕಾರ್ತಿಕ ಮುಗಿಯುವ ಛಟ್ಟಿ ಅಮಾವಾಸ್ಯೆಯ ಮಧ್ಯಾಹ್ನ ಗುಡಿಯ ಪಡಸಾಲೆಯಲ್ಲಿ ಓದಿದೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ಮಾತ್ರ ಕಂಬಳಿ ಹೊದ್ದರೂ ಹೋಗದಂಥ ಥಂಡಿ. ಬೆಲ್ಲದ ಮೇಲೆ ಕುಳಿತ ನೊಣ ಕೂಡ ಏಳುತ್ತಿರಲಿಲ್ಲ. ಹುಲಗೆಮ್ಮ ಗಂಡನ ಜೊತೆ ಎರಡು ದಿನ ಬಂಡಿಯಲ್ಲಿ ಬಂದಿದ್ದಳು. ರಾಯ ಮೂರನೆಯ ಬಾಗಿಲಿಂದ ತಿರುಗಿ ಹೊರಟ. ಇವನನ್ನು ಬಾ ಎನ್ನುವವರು ಯಾರು ಎಂಬ ಸಾಲಿಗೆ ಬಂದು ಹೊತ್ತಿಗೆಯ ಮೇಲೆ ಕೈಯಿಟ್ಟೆ.

ಅವಳು ಎದ್ದು ನಿಂತಳು. ಜೋಳ ಹಿಡಿಯಲು ಉಡಿ ಒಡ್ಡಿದಳು. ಉಡಿಯ ಕೆಳಗೆ ಹೊಟ್ಟೆ ಕಂಡಿತೋ ಏನೋ, ಕೈ ಹಿಂದಕ್ಕೆ ತೆಗೆದುಬಿಟ್ಟಳು.

“ಮಾವಾರ, ನಾ ಕರದ್ರ ಅವ ನನ್ನ ಕಡೀಗೇ ಬರ್ತಾನ್ರಿ. ಬಂದವಗ ನಾ ಏನ್ ಹೇಳ್ಲಿ? ನನ್ನ ಕೈಲೆ ಆಗಂಗಿಲ್ರಿ,” ಎಂದು ಅಲ್ಲೇ ಕುಸಿದು ಕುಳಿತಳು.

ರಾಯನನ್ನು ಕೆಳಗೆ ನಿಲ್ಲಿಸಿ ಹೊತ್ತಿಗೆ ಕಟ್ಟುವ ಹಾಗಿಲ್ಲ. ಆಗ ನಿಮ್ಮವ್ವ ಎದ್ದು ಬಂದು ಜೋಳವನ್ನು ತಾನೇ ಬಾಚಿಕೊಂಡಳು. “ಗಾಳ್ಯಾ, ಬಾರೋ ಯಪ್ಪಾ, ಮನೀಗೆ ಬಾ!” ಎಂದು ಮೂರು ಸಲ ಕರೆದಳು. ಮೂರನೆಯ ಸಲ “ಓ” ಎಂಬ ಉತ್ತರ ಬಂತು. ಜಿಲಾನಸಾಬ ಬಾಗಿಲ ಕಡೆಯಿಂದ ಬಂತು ಎನ್ನುತ್ತಾನೆ. ಪಂಪಣ್ಣ ಹಾಸುಗಲ್ಲಿನ ಕೆಳಗಿಂದ ಎನ್ನುತ್ತಾನೆ. ನಾನು ರಾಯನನ್ನು ಹುತ್ತದ ಬಾಯಿಂದ ಹೊರಗೆ ತಂದು, ಮಂಗಳ ಹಾಡಿ, ಹೊತ್ತಿಗೆ ಕಟ್ಟಿದೆ. ಈಗ ನೀನು ಊರೊಳಗೆ ಬರಲು ಯಾರ ಅಡ್ಡಿಯೂ ಇಲ್ಲ.

ಬರುವ ದಿನ ತಿಳಿಸು. ಬಂಡಿ ಕಟ್ಟಿಕೊಂಡು ನಾನೇ ಸ್ಟೇಷನ್ನಿಗೆ ಬರುತ್ತೇನೆ. ಸೀರೆಯನ್ನು ತಂದುಬಿಡು, ಅಲ್ಲಿ ಯಾರಿಗೂ ಕೊಡಬೇಡ. ನಿನ್ನ ಕಾಲು ಗಟ್ಟಿಯಾಗಲಿ, ನಿನ್ನ ಮುಂದಿನ ದಿನಗಳು ತಂಪಾಗಿರಲಿ, ನನ್ನ ಉಳಿದ ಆಯುಷ್ಯವೆಲ್ಲ ನಿನಗೆ ಸೇರಲಿ.

ನಿಮ್ಮಪ್ಪ,
ಗಾದಿಲಿಂಗಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ಇದನ್ನು ಬರೆಯದಿದ್ದರೆ ಆರನೆಯ ಕಾಗದವೂ ಸುಳ್ಳಾಗುತ್ತದೆ.

ಹೋದ ವರ್ಷ ನಿನ್ನ ಹೆಸರು ಸೇರಿಸಿ ಓದಿದಾಗ, ಬಾಗಿಲ ಕಾಯುವವನ ಉತ್ತರದ ಸಾಲಿಗೆ ಬಂದು ನನ್ನ ನಾಲಿಗೆ ನಿಂತುಹೋಯಿತು. ಇಪ್ಪತ್ತೆರಡು ವರ್ಷದಲ್ಲಿ ಹಾಗೆ ಒಮ್ಮೆಯೂ ಆಗಿರಲಿಲ್ಲ. ಆಮೇಲೆ ನನ್ನ ಬಾಯಿಂದಲೇ, ನನ್ನದಲ್ಲದ ದನಿಯಲ್ಲಿ, “ಇಲ್ಲಿ ಅಂಥವನಿಲ್ಲ” ಎಂದು ಬಂತು. ಮೆಲ್ಲಗೆ ಬಂದದ್ದು, ನನಗೊಬ್ಬನಿಗೇ ಕೇಳಿಸಿತು. ಜಿಲಾನಸಾಬ “ಏನಂದಿ ಅಣ್ಣಾ?” ಎಂದು ನನ್ನ ಮುಖ ನೋಡಿದ. ನಾನು ದನಿ ಎತ್ತರಿಸಿ, ಬಂದಿದ್ದಾನೆ, ನೆರಳಲ್ಲಿ ಕುಳಿತಿದ್ದಾನೆ ಎಂದು ಹಾಡಿಬಿಟ್ಟೆ. ಕಾದು ಕಾದು ನನಗೆ ಸಾಕಾಗಿತ್ತು ಮಗನೇ. ನೀನು ಎಲ್ಲಿದ್ದೀ ಎಂಬುದೊಂದು ಗೊತ್ತಾದರೆ ಸಾಕು ಎನ್ನುವಷ್ಟು ಸಾಕಾಗಿತ್ತು. ನಿನ್ನನ್ನು ಕೊಂದವನು ನಾನು. ಹುಲಗೆಮ್ಮನನ್ನು ನಿನ್ನಿಂದ ಕಿತ್ತವನೂ ನಾನೇ.

ನೀನು ಕೆಳಗೆ ಇರಲೇ ಇಲ್ಲ. ಹಾಗಾದರೆ ಓ ಎಂದವನು ಯಾರು? ಆ ಮಧ್ಯಾಹ್ನದಿಂದ ನಿಮ್ಮವ್ವ ದಿನವೂ ನಿನ್ನ ಗಂಗಾಳಕ್ಕೆ ಬಡಿಸುತ್ತಾಳೆ. ಒಳಮನೆಯಲ್ಲಿ ಇಟ್ಟು ಬಾಗಿಲು ಎಳೆದುಕೊಳ್ಳುತ್ತಾಳೆ. ಗಂಗಾಳ ಖಾಲಿಯಾಗಿ ಬರುತ್ತದೆ. ಅವಳು ಆನಂದವಾಗಿದ್ದಾಳೆ, ಹಾಡುತ್ತಾಳೆ, ಟಪಾಲಿನವನು ಬಂದರೆ ತಿರುಗಿಯೂ ನೋಡುವುದಿಲ್ಲ. ನೀನು ರೈಲಿನಲ್ಲಿ ಬರುತ್ತೀ ಎಂದು ಹೇಳಿದೆ. “ಮನ್ಯಾಗ ಇದ್ದಾಂವ ರೈಲಿನ್ಯಾಗ ಹ್ಯಾಂಗ ಬರ್ತಾನ್ರಿ? ಅಂವ ಯಾರೋ ಏನೋ, ಬಾಗ್ಲಾ ತೆಗೀಬ್ಯಾಡ್ರಿ,” ಎಂದಳು.

ನೀನು ಬಾ. ಬಾಗಿಲು ನಾನು ತೆಗೆಯುತ್ತೇನೆ.