ಎತ್ತುವ ಮುನ್ನ

ಭಾನುವಾರ, ಬೆಳಿಗ್ಗೆ

ಸನ್ಮಾನ್ಯ ಮನೆ ಸರ್ಕಾರದ ಸನ್ನಿಧಿಗೆ,

ಕೆಳಗೆ ಸಹಿ ಮಾಡಿರುವ ನಾನು, ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥ ಬುದ್ಧಿಯಿಂದ (ಇದಕ್ಕೆ ನಿನ್ನ ತಕರಾರಿರುವುದು ಗೊತ್ತು) ಒಪ್ಪಿಕೊಳ್ಳುವುದೇನೆಂದರೆ: ನಿನ್ನ ಹಸಿರು ಸ್ವೆಟರನ್ನು ಕದ್ದವನು ನಾನೇ. ಬೀರುವಿನ ಬೀಗ ಮುರಿದಿಲ್ಲ. ಬೀಗದ ಕೈ ಎಲ್ಲಿಡುತ್ತೀಯೆಂದು ಮದುವೆಯಾದ ವರ್ಷದಿಂದಲೂ ಗೊತ್ತು. ಗೊತ್ತಿಲ್ಲದವನಂತೆ ಸಂಸಾರ ಮಾಡಿದ್ದೇನೆ, ಅಷ್ಟೆ.

ಪತ್ರ ತಡವಾಯಿತು, ಮುನಿಸಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ತಂಗಿ ಸ್ಪೀಕರ್ ಹಾಕಿ, ನನ್ನ ಗುಟ್ಟನ್ನೆಲ್ಲ ಒಗ್ಗರಣೆ ಸಮೇತ ಬೀದಿಗೆ ಬಡಿಸುತ್ತಾಳೆ. ಸೊಂಟದ ಆಪರೇಷನ್ ಆದ ಅಕ್ಕನನ್ನು ತನ್ನ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುತ್ತಿದ್ದಾಳೆಂದು ಅವಳ ಏಳು ಖೂನಿ ಮಾಫಿ.

ಕಳ್ಳತನದ ಕಾರಣ ಕೇಳು. ಮನೆಮನೆಗೆ ಹೋಗಿ ರೋಗಿಗಳ ಆರೈಕೆ ಮಾಡುವವರಿಗೆ ನಮ್ಮ ಕೇಂದ್ರದಲ್ಲಿ ತರಬೇತಿ ಕೊಡುತ್ತಾರಲ್ಲ, ಅವರಿಗಾಗಿ ಹೊಸ ಪಾಠ ಸಿದ್ಧಪಡಿಸುವ ಕೆಲಸ ನನ್ನ ತಲೆಗೆ ಬಿತ್ತು: ಮಲಗಿದವರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸುವುದು ಹೇಗೆ? ಎತ್ತುವ ವಿದ್ಯೆ ಬರೆಯಲು ಈ ಎತ್ತಿಗಿಂತ ಯೋಗ್ಯರುಂಟೆ! ದಪ್ಪನೆಯ ಕೈಪಿಡಿ ಬರೆದೆ. ಬೆನ್ನುಮೂಳೆಗೇ ಒಂದು ಅಧ್ಯಾಯ. ಓದಿಸಿದರೆ, ಇಡೀ ತರಗತಿಯ ಬೆನ್ನುಮೂಳೆ ಮೇಜಿನ ಮೇಲೆ ಒರಗಿತು. ನಮ್ಮಲ್ಲಿ ಪರೀಕ್ಷೆ ನಡೆಸುವ ದೊಡ್ಡ ಸಿಸ್ಟರ್ ಆಕಳಿಸುತ್ತಾ, “ಸಾರ್, ಇದನ್ನ ಓದಿ ಮುಗಿಸೋಷ್ಟರಲ್ಲಿ ರೋಗಿ ತಾನೇ ಎದ್ದು ನಡ್ಕೊಂಡು ಹೋಗಿರ್ತಾರೆ” ಎಂದರು.

ಹಟ ಬಂತು. ಪುಸ್ತಕ ಮುಚ್ಚಿಟ್ಟು, ಕಲಿಯುವವರ ಬೆಂಚಿನಲ್ಲೇ ಕೂತು ಕೇಳಿದೆ: “ನಿಮಗೆ ಕಷ್ಟ ಆಗೋದು ಎಲ್ಲಿ?”

“ಭಾರ ಅಲ್ಲ ಸಾರ್,” ಎಂದಳೊಬ್ಬಳು. “ಹೇಳ್ದೆ ಕೇಳ್ದೆ ಕೈ ಹಾಕಿದ್ರೆ ಅವರು ಬೆಚ್ಚಿಬಿದ್ದು ನಮ್ಮ ಕುತ್ತಿಗೆ ಹಿಡ್ಕೊಂಡ್ಬಿಡ್ತಾರೆ. ಆಮೇಲೆ ಇಬ್ರೂ ನೆಲಕ್ಕೆ!”

ಕೈಪಿಡಿ ಹೋಯಿತು, ಕಾರ್ಡುಗಳು ಬಂದವು. ಒಂದು ಕಾರ್ಡಿಗೆ ಒಂದೇ ಕೆಲಸ, ಒಂದು ದೊಡ್ಡ ಚಿತ್ರ, ಎರಡು ಸಾಲು. ಮೊದಲು ಮಾಡಿ ತೋರಿಸುವುದು, ಆಮೇಲೆ ವಿವರಿಸುವುದು. ಯಾರಾದರೂ ತಡವರಿಸಿದರೆ ಬೈಗುಳ ಅವರಿಗಲ್ಲ, ಕಾರ್ಡಿಗೆ. ತಡವರಿಸಿದ ಜಾಗದಲ್ಲೇ ತಿದ್ದುಪಡಿ. ಎಲ್ಲಕ್ಕಿಂತ ಮೊದಲಿನ ಕಾರ್ಡು ಹೀಗಿದೆ: ‘ಎತ್ತಲಾ ಎಂದು ಕೇಳಿ. ಉತ್ತರ ಬರುವವರೆಗೆ ಕಾಯಿರಿ.’

ಅಭ್ಯಾಸಕ್ಕೊಬ್ಬ ರೋಗಿ ಬೇಕಲ್ಲ? ದಿಂಬು, ಮರಳಿನ ಚೀಲಗಳನ್ನು ನಿನ್ನ ಸ್ವೆಟರಿಗೆ ತುರುಕಿ ಮಂಚದ ಮೇಲೆ ಮಲಗಿಸಿದೆ. ನಿನಗಿಂತ ಎಷ್ಟೋ ವಿಧೇಯೆ.

ಪರೀಕ್ಷೆಯಲ್ಲಿ ತರಗತಿಗೆ ತರಗತಿಯೇ ಪಾಸು! “ನನ್ನ ಕಾರ್ಡು ನೋಡಿದವರು ತಪ್ಪು ಮಾಡೋಕೆ ಸಾಧ್ಯಾನೇ ಇಲ್ಲ” ಎಂದು ಕೇಂದ್ರದ ಮ್ಯಾನೇಜರರ ಎದುರು ಎದೆ ತಟ್ಟಿಕೊಂಡೆ. ಅವರೂ ತಲೆಯಾಡಿಸಿದರು, ನಿದ್ದೆಯ ತೂಕಡಿಕೆ ಇರಲಿಕ್ಕಿಲ್ಲ.

ಇಲ್ಲಿ ಎಲ್ಲ ಕ್ಷೇಮ. ಕುಂಡದ ಗಿಡಗಳು ಬದುಕಿವೆ, ಹಾಲು ಮಾತ್ರ ಉಕ್ಕುತ್ತಲೇ ಇದೆ. ನಿನ್ನ ಹೆಜ್ಜೆ ಬೇಗ ಗಟ್ಟಿಯಾಗಲಿ. ನಾಲಿಗೆ ಈಗಿರುವಷ್ಟೇ ಗಟ್ಟಿಯಾಗಿರಲಿ.

ನಿನ್ನ,
ಸ್ವೆಟರ್ ಕಳ್ಳ

ತಾ.ಕ.: ತರಗತಿಗೆ ತರಗತಿಯೇ ಪಾಸು ಎಂದೆನಲ್ಲ, ಅದು ನಿಜ. ಕೊನೆಗೆ ಜಂಬಕ್ಕೆ ನಾನೂ ಪರೀಕ್ಷೆಗೆ ನಿಂತೆ. ನಗುನಗುತ್ತಾ ಬಂದು ಗೊಂಬೆಯನ್ನು ಲೀಲಾಜಾಲವಾಗಿ ಎತ್ತಿ ಕೂರಿಸಿದೆ.

“ನಪಾಸು,” ಎಂದರು ದೊಡ್ಡ ಸಿಸ್ಟರ್. “ಕೇಳ್ಲೇ ಇಲ್ವಲ್ಲ ಸಾರ್?”

“ದಿಂಬನ್ನೇನಮ್ಮ ಕೇಳೋದು!” ಎಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಕುರ್ಚಿಯ ಮೇಲೆ ಸ್ವೆಟರು ಒಂದು ಕಡೆಗೆ ವಾಲಿಕೊಂಡದ್ದು ಕಾಣಿಸಿತು.

ಆಸ್ಪತ್ರೆಯಿಂದ ಬಿಟ್ಟ ದಿನ ನೀನೂ ಹಾಗೇ ಕೂತಿದ್ದೆ, ತೊಡೆಯ ಮೇಲೆ ಚೀಲ ಇಟ್ಟುಕೊಂಡು. ನಾನು, ಡಾಕ್ಟರು, ನಿನ್ನ ತಂಗಿ ಕಾರಿಡಾರಿನಲ್ಲಿ ನಿಂತು ಎಲ್ಲ ತೀರ್ಮಾನ ಮಾಡಿಬಿಟ್ಟೆವು. “ಎಲ್ಲಿಗೆ ಹೋಗ್ತಿದೀವಪ್ಪಾ?” ಎಂದು ನೀನು ಕೇಳಿದ್ದು ಆಂಬುಲೆನ್ಸ್ ಡ್ರೈವರನ್ನು. ನನ್ನನ್ನಲ್ಲ.

ನಮ್ಮನೆಗೆ ಮೆಟ್ಟಿಲುಗಳಿವೆ, ಅಲ್ಲಿಗೆ ಬೇಡ ಎಂದು ಎಲ್ಲರಿಗೂ ಹೇಳಿದೆ. ನಿಜವಾದ ಕಾರಣ ಮೆಟ್ಟಿಲಲ್ಲ, ಎಲ್ಲಿ ನಿನ್ನನ್ನು ಬೀಳಿಸಿಬಿಡುತ್ತೇನೋ ಎಂದು ಹೆದರಿದ್ದೆ. ಕೈಪಿಡಿ ಬರೆಯಲು ಕೂತವನು ಕೈ ಹಿಡಿದವಳನ್ನೇ ಒಂದು ಮಾತು ಕೇಳಲಿಲ್ಲ.

ಈಗ ಕೇಳುತ್ತಿದ್ದೇನೆ. ಮನೆಗೆ ಬರ್ತೀಯಾ? ಬರೆದು ತಿಳಿಸು, ಅಲ್ಲಿಯವರೆಗೆ ಆಂಬುಲೆನ್ಸಿಗೆ ಹೇಳುವುದಿಲ್ಲ. ಇಷ್ಟು ಒತ್ತಿ ಹೇಳಲು ಕಾರಣವಿದೆ: ನಿನ್ನೆ ಮರುಪರೀಕ್ಷೆ ಇತ್ತು. “ಎತ್ತಲಾ?” ಎಂದು ಕೇಳಿದೆ, ಉತ್ತರಕ್ಕೆ ಕಾಯದೆ ಎತ್ತಿಬಿಟ್ಟೆ. ಮತ್ತೆ ನಪಾಸು.