ಈ ವರ್ಷ ನನ್ನ ಕೈಸೇರಿದ ನಾಣ್ಯಗಳು

ಡಿಸೆಂಬರ್ ೨೯
ಅಂಗಡಿಯಿಂದ, ಮಧ್ಯಾಹ್ನ

ಮಾನ್ಯ ಮೇಷ್ಟ್ರಿಗೆ,

ನಿಮ್ಮ ಗಡಿಯಾರದವನ ನಮಸ್ಕಾರ. ಆರೋಗ್ಯ ಹೇಗಿದೆ ಎಂದು ಕೇಳುವುದಿಲ್ಲ. ಬುಧವಾರ ಔಷಧದಂಗಡಿಯವರು ಸಿಕ್ಕಿದ್ದರು, ನೀವು ನಿದ್ದೆಯ ಮಾತ್ರೆ ಒಂದರಿಂದ ಎರಡಕ್ಕೆ ಏರಿಸಿಕೊಂಡಿದ್ದೀರಿ ಎಂದರು. ಒಬ್ಬರ ಕಾಯಿಲೆಯ ವಿಷಯ ಇನ್ನೊಬ್ಬರ ಹತ್ತಿರ ಹೇಳಬಾರದು ಎಂದು ಅವರಿಗೆ ಬುದ್ಧಿ ಹೇಳಿದೆ. ಪೂರ್ತಿ ಕೇಳಿಸಿಕೊಂಡ ಮೇಲೆ ಹೇಳಿದೆ ಅನ್ನಿ.

ನಮ್ಮ ನಾಣ್ಯ ಸಂಘದಲ್ಲಿ ಒಂದು ಪದ್ಧತಿ ಇದೆ, ನೀವೇ ಶುರು ಮಾಡಿದ್ದು. ಡಿಸೆಂಬರ್ ಮುಗಿಯುವುದರೊಳಗೆ ಪ್ರತಿ ಸದಸ್ಯನೂ ಆ ವರ್ಷ ತನಗೆ ಸಿಕ್ಕ ಹಳೆಯ ನಾಣ್ಯಗಳಲ್ಲಿ ಮನಸ್ಸಿಗೆ ಹಿಡಿಸಿದವುಗಳ ಬಗ್ಗೆ ನಿಮಗೊಂದು ಪತ್ರ ಬರೆಯಬೇಕು. ಜನವರಿಯ ಮೊದಲ ಭಾನುವಾರ ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ನೀವು ಅವನ್ನೆಲ್ಲ ಓದಿ ಹೇಳುತ್ತಿದ್ದಿರಿ, ನಡುನಡುವೆ ನಮ್ಮ ಕಿವಿ ಹಿಂಡುತ್ತಾ. ಏಪ್ರಿಲ್‌ನಲ್ಲಿ ನೀವು ಸಂಘ ಬಿಟ್ಟಿರಿ. ಈ ಸಲ ಯಾರೂ ಬರೆಯುವುದಿಲ್ಲವಂತೆ. ನನಗೆ ಮನಸ್ಸು ತಡೆಯಲಿಲ್ಲ, ನೋಡಿ. ಇಷ್ಟು ವರ್ಷ ನಡೆದುಕೊಂಡು ಬಂದದ್ದು ನಿಂತುಹೋಗಬಾರದು.

ಮೊದಲು ಮೀನಿನದು. ಕಡಲೆಕಾಳಿನ ಎರಡರಷ್ಟು ಗಾತ್ರದ ತಾಮ್ರದ ನಾಣ್ಯ, ಒಂದು ಮುಖದಲ್ಲಿ ಎರಡು ಮೀನು, ಇನ್ನೊಂದು ಮುಖ ಸವೆದು ನುಣ್ಣಗಾಗಿದೆ. ಹಳೆಯ ಬೀಗಗಳನ್ನು ಹರಡಿಕೊಂಡು ಕೂರುವ ಹೆಂಗಸಿನ ಹತ್ತಿರ ಸಿಕ್ಕಿತು. ಆಕೆ ಅದನ್ನು ಬೀಗದ ಗೊಂಚಲಿನ ತುದಿಗೆ ಕಟ್ಟಿಕೊಂಡಿದ್ದಳು. ತಿಂಗಳಿಗೊಂದರಂತೆ ಮೂರು ಬೀಗ ತೆಗೆದುಕೊಂಡು, ನಾಲ್ಕನೆಯ ಸಲ ಇದನ್ನೂ ಸೇರಿಸಮ್ಮ ಎಂದೆ. ನನ್ನ ಮನೆಯಲ್ಲಿ ಈಗ ಬಾಗಿಲಿಗಿಂತ ಬೀಗ ಹೆಚ್ಚು.

ಎರಡನೆಯದು ಚಿನ್ನದ್ದು, ಉದ್ದಿನಕಾಳಿನಷ್ಟು. ಸುಳ್ಳು ಹೇಳುವುದಿಲ್ಲ, ಅದನ್ನು ಮೊದಲ ಸಲ ಭೂತಗನ್ನಡಿಯ ಕೆಳಗಿಟ್ಟಾಗ ಸೀನು ಬಂತು. ನಾಣ್ಯ ಎಲ್ಲಿ ಹೋಯಿತೋ ದೇವರೇ ಬಲ್ಲ. ಎರಡು ದಿನ ಅಂಗಡಿ ಮುಚ್ಚಿ, ಮಂಡಿಯೂರಿ, ಟಾರ್ಚು ಹಿಡಿದು ನೆಲವೆಲ್ಲ ತಡಕಾಡಿದೆ. ಕಡೆಗೆ ಒಬ್ಬ ಗಿರಾಕಿಯ ಗೋಡೆ ಗಡಿಯಾರದೊಳಗೆ ಸಿಕ್ಕಿತು. ಆ ಗಡಿಯಾರಕ್ಕೆ ದುರಸ್ತಿ ಮಾಡದೆಯೇ ಗುಣವಾಗಿತ್ತು.

ಮೂರನೆಯದು ಗೂಬೆಯದು. ಹೌದು, ಆ ಗೂಬೆಯೇ. ನೀವು ಹತ್ತೊಂಬತ್ತು ವರ್ಷದಿಂದ ಹುಡುಕುತ್ತಿದ್ದಿರಲ್ಲ, ತಲೆ ಎಡಕ್ಕೆ ತಿರುಗಿಸಿರುವ ಗೂಬೆ. ಫೆಬ್ರವರಿಯಲ್ಲಿ, ಹಳೆಯ ಪಾತ್ರೆಯ ವ್ಯಾಪಾರಿಯ ಹತ್ತಿರ ಅಂಥದ್ದೊಂದು ಬಂದಿದೆಯಂತೆ, ನಾಳೆ ಹೋಗುತ್ತೇನೆ ಎಂದು ನೀವು ಸಭೆಯಲ್ಲಿ ಬಾಯಿ ಜಾರಿದಿರಿ. ನಾನು ಆ ಸಂಜೆಯೇ ಹೋಗಿಬಂದೆ. ಮರುದಿನ ಯಾರೋ ಮುಂಚೆಯೇ ಒಯ್ದುಬಿಟ್ಟರು ಎಂದು ನೀವು ನನ್ನ ಅಂಗಡಿಗೆ ಬಂದು ನೀವು ಯಾವಾಗಲೂ ಕೂರುವ ಸ್ಟೂಲಿನ ಮೇಲೆ ಕೂತು ಬೇಜಾರು ತೋಡಿಕೊಂಡಿರಿ. ಚಹಾ ತರಿಸಿಕೊಟ್ಟೆ. ಗೂಬೆ ನನ್ನ ಜೇಬಿನಲ್ಲೇ ಇತ್ತು.

ಇನ್ನು ನಾಲ್ಕನೆಯದು. ಈ ವರ್ಷದ್ದೇನು, ಈ ಜನ್ಮದ್ದೇ ಎನ್ನಬೇಕು.

ಬೆಳ್ಳಿಯ ನಾಣ್ಯ. ಒಂದು ಕಡೆ ಮುಂಗಾಲೆತ್ತಿದ ಕುದುರೆ, ಇನ್ನೊಂದು ಕಡೆ ಹಾಯಿ ಬಿಚ್ಚಿದ ದೋಣಿ. ಅದರ ಕೆಳಗೆ ನಾಲ್ಕು ಅಕ್ಷರ, ಎರಡನ್ನು ಇದುವರೆಗೆ ಯಾರೂ ಓದಿಲ್ಲ. ಇಂಥದ್ದು ಜಗತ್ತಿನಲ್ಲಿ ಒಂದೇ. ಇಷ್ಟು ಹೇಳಿದ ಮೇಲೆ ನಿಮಗೆ ಮುಂದಿನದನ್ನು ವರ್ಣಿಸಬೇಕಾಗಿಲ್ಲ. ಮೂವತ್ತು ವರ್ಷ ನಿಮ್ಮ ಬೀರುವಿನಲ್ಲಿದ್ದ ನಾಣ್ಯ. ಅದರ ಮೇಲೆ ನೀವು ಮೂವತ್ತೆರಡು ಪುಟದ ಪುಸ್ತಿಕೆ ಬರೆದಿರಿ, ಯಾವ ಚರಿತ್ರೆಯಲ್ಲೂ ಇಲ್ಲದ ಒಬ್ಬ ರಾಜನನ್ನು ಲೋಕಕ್ಕೆ ಪರಿಚಯಿಸಿದಿರಿ. ಅದಕ್ಕೆ ನಿಮ್ಮ ಮನೆಯವರು ಶಾಯಿಯಲ್ಲಿ ಚಿತ್ರ ಬರೆದುಕೊಟ್ಟಿದ್ದರು. ಕುದುರೆಯ ಕಣ್ಣು ಮಾತ್ರ ನಿಮ್ಮ ಕಣ್ಣಿನ ಹಾಗೇ ಬಂದಿದೆ ಎಂದು ನಾವೆಲ್ಲ ತಮಾಷೆ ಮಾಡುತ್ತಿದ್ದೆವು. ಅವರು ತೀರಿಕೊಂಡ ಮೇಲೆ ನಿಮಗೆ ಉಳಿದದ್ದು ಆ ಪುಸ್ತಿಕೆಯೊಂದೇ ಎಂದು ನೀವೇ ಹೇಳಿದ್ದಿರಿ.

ಮಾರ್ಚ್‌ನ ಸಭೆಯಲ್ಲಿ ಅದರ ಅಂಚಿನಲ್ಲಿ ಸ್ವಲ್ಪ ಕೆಂಪು ಕಾಣುತ್ತಿದೆ, ಒಳಗೆ ತಾಮ್ರವಿರಬಹುದೇನೋ ಎಂದು ಮೊದಲು ಅಂದವನು ನಾನು. ನಿಜ ಹೇಳಬೇಕೆಂದರೆ ಕೆಂಪೂ ಇರಲಿಲ್ಲ, ಗಿಂಪೂ ಇರಲಿಲ್ಲ. ಆದರೆ ಗಡಿಯಾರದವನ ಕಣ್ಣು ಎಂದರೆ ಸಂಘದಲ್ಲಿ ಎಲ್ಲರಿಗೂ ನಂಬಿಕೆ. ನೀವು ಕೆಂಡವಾದಿರಿ. ಮುಂದಿನ ಸಭೆಯಲ್ಲಿ ಎಲ್ಲರ ಎದುರಿಗೇ ಪರೀಕ್ಷೆ ಆಗಲಿ ಎಂದಿರಿ. ನನಗೆ ಬೇಕಾಗಿದ್ದೂ ಅದೇ.

ಪರೀಕ್ಷೆ ನಿಮಗೆ ಗೊತ್ತಿರುವುದೇ. ನಾಣ್ಯವನ್ನು ಒಮ್ಮೆ ಹಾಗೇ ತೂಗುವುದು, ಇನ್ನೊಮ್ಮೆ ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗುವುದು. ನೀರಿನಲ್ಲಿ ಎಷ್ಟು ತೂಕ ಕಡಿಮೆಯಾಯಿತೋ ಅದರಿಂದ ಮೊದಲಿನ ತೂಕವನ್ನು ಭಾಗಿಸಿದರೆ, ಬೆಳ್ಳಿಯಾಗಿದ್ದರೆ ಹತ್ತೂವರೆಯ ಹತ್ತಿರ ಬರಬೇಕು. ತಾಮ್ರವಾಗಿದ್ದರೆ ಒಂಬತ್ತಕ್ಕಿಂತ ತುಸು ಕಡಿಮೆ. ತಕ್ಕಡಿ ನನ್ನದು, ಕೂದಲೆಳೆಯಷ್ಟೂ ತಪ್ಪದ ತಕ್ಕಡಿ. ಅದನ್ನು ನಾನು ಮುಟ್ಟಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಲೋಟದ ನೀರೂ ನನ್ನದೇ, ಮನೆಯಿಂದ ತಂದದ್ದು. ನೀರಿನಲ್ಲಿ ಕಸರಿರಬಾರದು, ಕುದಿಸಿ ಸೋಸಿ ತಂದಿದ್ದೇನೆ ಎಂದಿದ್ದೆ. ಅದೂ ಸುಳ್ಳಲ್ಲ. ಕುದಿಸುವಾಗ ಉಪ್ಪು ಹಾಕಿದ್ದೆ. ಇನ್ನು ಕರಗುವುದಿಲ್ಲ ಎನ್ನುವವರೆಗೆ ಹಾಕಿ, ಮೂರು ಸಲ ಸೋಸಿದ್ದೆ. ಕನ್ನಡಿಯಂತೆ ತಿಳಿಯಾಗಿತ್ತು.

ಆಗ ಔಷಧದಂಗಡಿಯವರು, ಹೋಲಿಕೆಗೆ ಇರಲಿ, ಗೊತ್ತಿರುವ ಬೆಳ್ಳಿಯ ನಾಣ್ಯ ಒಂದನ್ನೂ ಹೀಗೇ ತೂಗಿಬಿಡೋಣ ಎಂದರು. ತೂಗಿದ್ದರೆ ಅದೂ ತಾಮ್ರವೆಂದೇ ಬರುತ್ತಿತ್ತು, ನನ್ನ ಬಣ್ಣ ಬಯಲಾಗುತ್ತಿತ್ತು. ನೀವು ಅವರ ಬಾಯಿ ಮುಚ್ಚಿಸಿದಿರಿ. "ನೀರು ಯಾರ ಪಕ್ಷಾನೂ ಹಿಡಿಯಲ್ಲ ರೀ. ಮೂವತ್ತೈದು ವರ್ಷ ವಿಜ್ಞಾನ ಪಾಠ ಮಾಡಿದೋನು ನಾನು, ನಂಗೆ ಹೇಳ್ಕೊಡ್ತೀರಾ?" ಎಂದಿರಿ. ಆ ಮಾತು ನನ್ನನ್ನು ಕಾಪಾಡಿತು, ಮೇಷ್ಟ್ರೇ.

ಲೆಕ್ಕವನ್ನೂ ನೀವೇ ಮಾಡಿದಿರಿ. ಎಂಟೂ ಮುಕ್ಕಾಲು. ಮತ್ತೆ ಮಾಡಿದಿರಿ. ಮತ್ತೆ ಎಂಟೂ ಮುಕ್ಕಾಲು. ಪೆನ್ಸಿಲಿನ ತುದಿ ಮುರಿಯಿತು, ನಮ್ಮ ಸಂಘದ ರೈಲ್ವೆ ಗಾರ್ಡ್ ತಮ್ಮದನ್ನು ಕೊಟ್ಟರು. ಮೂರನೆಯ ಸಲ ಲೆಕ್ಕ ಮುಗಿಸಿ ನೀವು ಕನ್ನಡಕ ತೆಗೆದು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ಕೂತಿರಿ. ಲೋಟ ನಿಮ್ಮ ಮೊಣಕೈಯ ಹತ್ತಿರವೇ ಇತ್ತು. ಒಂದು ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಿದ್ದರೆ ಸಾಕಿತ್ತು.

ಆಮೇಲೆ ನೀವು ನಡೆದುಕೊಂಡ ರೀತಿಯನ್ನು ಮೆಚ್ಚಲೇಬೇಕು. ವಾದ ಮಾಡಲಿಲ್ಲ. ನಾಣ್ಯವನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿ, "ನಕಲಿ ಡಬ್ಬಿಗೆ ಹಾಕ್ಕೊಳ್ಳಿ" ಎಂದಿರಿ. ಹೊಸಬರಿಗೆ ತೋರಿಸಲೆಂದು ಸಂಘ ಕೂಡಿಟ್ಟ ನಕಲಿ ನಾಣ್ಯಗಳ ಡಬ್ಬಿ ನನ್ನ ಅಂಗಡಿಯಲ್ಲೇ ಇರುತ್ತದೆ ಎಂಬುದು ಆ ಹೊತ್ತಿನಲ್ಲೂ ನಿಮಗೆ ನೆನಪಿತ್ತು. ಮಾರನೆಯ ವಾರ ಮನೆಮನೆಗೆ ಹೋಗಿ ಪುಸ್ತಿಕೆ ವಾಪಸು ಕೇಳಿದಿರಿ. ಗ್ರಂಥಾಲಯದ ಪಟ್ಟಿಯಿಂದ ಅದರ ಹೆಸರು ಹೊಡೆಸಿ ಹಾಕಿದಿರಿ. ನನ್ನ ಅಂಗಡಿಗೂ ಬಂದಿರಿ, ಗೋಣಿಚೀಲ ಹಿಡಿದು. ನನ್ನ ಪ್ರತಿಯನ್ನು ಕೊಡುವಾಗ ಕುದುರೆಯ ಚಿತ್ರವಿದ್ದ ಪುಟ ತೆರೆದುಕೊಂಡಿತು. ನೀವು ನೋಡಲಿಲ್ಲ, ಮುಚ್ಚಿ ಚೀಲಕ್ಕೆ ಹಾಕಿದಿರಿ. ಅವನ್ನೆಲ್ಲ ಏನು ಮಾಡಿದಿರಿ ಎಂದು ಕೇಳುವ ಆಸೆ ಇದೆ.

ನೀವು ಅತ್ತ ಹೋದ ಮೇಲೆ ನಲ್ಲಿಯ ನೀರಿನಲ್ಲಿ ಮತ್ತೆ ತೂಗಿದೆ. ಹತ್ತೂವರೆ, ಸ್ವಲ್ಪವೂ ಆಚೀಚೆ ಇಲ್ಲ. ಅಪ್ಪಟ ಬೆಳ್ಳಿ. ನಿಮ್ಮ ರಾಜ ನಿಜವಾಗಿಯೂ ಇದ್ದ.

ಯಾಕೆ ಮಾಡಿದೆ ಎಂದು ಕೇಳುತ್ತೀರಿ. ನಿಮಗೆ ನೆನಪಿರಲಾರದು. ಹದಿನಾಲ್ಕು ವರ್ಷದ ಹಿಂದೆ ನಾನು ಸಂಘಕ್ಕೆ ಹೊಸಬ. ನನ್ನ ಮಗಳಿಗೆ ಆಗ ಹತ್ತು ವರ್ಷ. ಬಾಯಿ ತೆರೆದರೆ ಪ್ರಶ್ನೆ ಕೇಳುತ್ತಾಳೆ ಎಂದು ನೀವು ಶಾಲೆಯಲ್ಲಿ ಅವಳನ್ನು ಪ್ರಶ್ನೆಪತ್ರಿಕೆ ಎಂದು ಕರೆಯುತ್ತಿದ್ದಿರಿ. ಅವಳು ಗುಜರಿ ಅಂಗಡಿಯಲ್ಲಿ ತನ್ನ ಕೈವಾರವನ್ನು ಕೊಟ್ಟು, ಸಿಂಹದ ಮುಖವಿರುವ ಹಿತ್ತಾಳೆಯ ಬಿಲ್ಲೆಯೊಂದನ್ನು ನನಗಾಗಿ ತಂದಿದ್ದಳು. ಬಹಳ ಹಳೆಯದು ಎಂದು ನಾನೂ ನಂಬಿದೆ. ಅವಳ ಕೈ ಹಿಡಿದುಕೊಂಡು ಸಭೆಗೆ ಬಂದೆ. ನೀವು ಅದನ್ನು ತಿರುಗಿಸಿ, ಹಿಂದೆ ಮುರಿದ ಕೊಂಡಿಯ ಗುರುತು ತೋರಿಸಿ, "ರೀ ಗಡಿಯಾರ, ಇದು ಯಾವ ರಾಜಂದೂ ಅಲ್ಲ, ಯಾವನೋ ಬ್ಯಾಂಡಿನೋನ ಕೋಟಿನ ಗುಂಡಿ!" ಎಂದಿರಿ. ಹನ್ನೊಂದು ಜನ ನಕ್ಕರು. ರೈಲ್ವೆ ಗಾರ್ಡ್‌ಗೆ ಕೆಮ್ಮು ಹತ್ತಿತು. ವರ್ಷಗಟ್ಟಲೆ ನಾನು ಗುಂಡಿ ಸಾಹೇಬನಾಗಿದ್ದೆ. ಅದನ್ನೆಲ್ಲ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಆ ದಿನದಿಂದ ನನ್ನ ಮಗಳು ನನಗೆ ಒಂದು ಕಡ್ಡಿಯನ್ನೂ ತಂದುಕೊಟ್ಟಿಲ್ಲ. ಕೆಲಸಕ್ಕೆ ಸೇರಿದ ಮೇಲೂ ಇಲ್ಲ. ಅದನ್ನು ನನ್ನಿಂದ ಕಿತ್ತುಕೊಂಡವರು ನೀವು.

ಈ ಪತ್ರವನ್ನು ನೀವು ಯಾರಿಗೆ ಬೇಕಾದರೂ ತೋರಿಸಬಹುದು, ನನ್ನ ಅಡ್ಡಿಯಿಲ್ಲ. ತೋರಿಸುವುದಿಲ್ಲ ಎಂದು ಗೊತ್ತು. ಪ್ರತಿ ವರ್ಷ ಎಂಟನೇ ತರಗತಿಗೆ ಒಂದು ಲೋಟದಲ್ಲಿ ಮೊಟ್ಟೆ ಮುಳುಗಿಸಿ, ಇನ್ನೊಂದು ಲೋಟಕ್ಕೆ ಉಪ್ಪು ಹಾಕಿ ಅದೇ ಮೊಟ್ಟೆ ತೇಲಿಸಿ ತೋರಿಸುತ್ತಿದ್ದಿರಿ. ಮಗಳು ಎಂಟನೆಯಲ್ಲಿದ್ದಾಗ ಅವತ್ತು ಮನೆಗೆ ಬಂದವಳೇ ಚೀಲವನ್ನೂ ಇಳಿಸದೆ ನನಗೆ ಅದನ್ನು ಮಾಡಿ ತೋರಿಸಿದಳು. ನನ್ನ ತಲೆಗೆ ಉಪಾಯ ಹೊಳೆದದ್ದು ಅಲ್ಲಿಂದಲೇ. ನಕಲಿ ನಾಣ್ಯಕ್ಕೆ ಮೋಸಹೋದವರು ಎಂದರೆ ಜನ ಅಯ್ಯೋ ಪಾಪ ಅನ್ನುತ್ತಾರೆ. ತಾನೇ ಕಲಿಸಿದ ಮೊಟ್ಟೆಯ ಪಾಠಕ್ಕೆ ಮೋಸಹೋದ ವಿಜ್ಞಾನ ಮೇಷ್ಟ್ರು ಎಂದರೆ ಏನನ್ನುತ್ತಾರೋ, ಯೋಚಿಸಿ.

ಇವತ್ತು ಸಂಜೆಯ ಗಾಡಿಗೆ ಮಗಳು ರಜೆಗೆಂದು ಬರುತ್ತಿದ್ದಾಳೆ. ನಾಣ್ಯವನ್ನು ಅವಳ ಅಂಗೈಯಲ್ಲಿಟ್ಟು ಎಲ್ಲ ಹೇಳುತ್ತೇನೆ. ಅವಳ ಮುಖ ನೋಡುವುದಕ್ಕಾಗಿಯೇ ಇಷ್ಟು ತಿಂಗಳು ಬಾಯಿ ಬಿಗಿಹಿಡಿದಿದ್ದೇನೆ.

ಮಾತ್ರೆಯನ್ನು ಊಟವಾದ ಮೇಲೆ ತೆಗೆದುಕೊಳ್ಳಿ.

ಇಂತಿ,
ನಿಮ್ಮ ಶಿಷ್ಯರಲ್ಲೊಬ್ಬ,
ಗಡಿಯಾರದವನು

ವಿ.ಸೂ. (ಡಿಸೆಂಬರ್ ೩೧): ಪತ್ರ ಹಾಕುವುದು ಎರಡು ದಿನ ತಡವಾಯಿತು. ಮಗಳಿಗೆ ಹೇಳಿದೆ. ಅವಳು ಕೂಗಾಡಲಿಲ್ಲ. "ಮೇಷ್ಟ್ರ ಹತ್ರಾನಾ ಉಪ್ಪುನೀರು?" ಎಂದು ಕೇಳಿ ನಾಣ್ಯವನ್ನು ಮೇಜಿನ ಮೇಲಿಟ್ಟಳು. ಆಮೇಲೆ ಹೇಳಿದಳು. "ಅವ್ರು ನಕ್ಕಿದ್ದು ನಂಗೆ ನೆನಪೇ ಇಲ್ಲಪ್ಪ. ನೆನಪಿರೋದು ಸೇತುವೆ. ಮನೆಗೆ ಬರೋವಾಗ ನೀನು ಆ ಬಿಲ್ಲೇನ ನೀರಿಗೆ ಎಸೆದು, ಇನ್ಮೇಲೆ ನಂಗೆ ಏನೂ ತರಬೇಡ ಅಂದೆ. ಅದಕ್ಕೇ ತರಲಿಲ್ಲ." ಆ ಸಭೆಯ ಮಾರನೆಯ ದಿನ ನೀವು ಅವಳನ್ನು ಕರೆದು, ಯಾರಿಗೂ ಹೇಳಬೇಡ ಎಂದು ಹೊಸ ಕೈವಾರ ಕೊಟ್ಟಿರಂತೆ. ಅದು ಇವತ್ತಿಗೂ ಅವಳ ಹತ್ತಿರ ಇದೆಯಂತೆ. ಸೇತುವೆಯ ವಿಷಯ ನಾನು ಮೇಲೆ ಬರೆಯಲಿಲ್ಲ, ಮರೆತು ಅಲ್ಲ.

ನಾಣ್ಯವನ್ನು ನಿಮಗೆ ಕಳಿಸಲೇಬೇಕು ಎಂದು ಹಟ ಹಿಡಿದಳು. ಅವಳ ಎದುರಿಗೇ ಪೊಟ್ಟಣ ಕಟ್ಟಿದೆ. ಮೇಲಿನ ವಿಳಾಸ ಅವಳೇ ಬರೆದದ್ದು, ಅಕ್ಷರದ ಗುರುತು ಸಿಕ್ಕಿರಬೇಕು. ಕಟ್ಟಿದ್ದನ್ನು ನೋಡಿದ ಮೇಲೆ ತನ್ನ ಚೀಲದಿಂದ ಒಂದು ಪುಟ್ಟ ಡಬ್ಬಿ ತೆಗೆದು ನನಗೆ ಕೊಟ್ಟಳು. ಮೂರು ವರ್ಷದ ಹಿಂದೆಯೇ ನನಗಾಗಿ ತೆಗೆದಿಟ್ಟಿದ್ದಳಂತೆ, ಕೊಡಲು ಧೈರ್ಯವಾಗಿರಲಿಲ್ಲವಂತೆ. ಹಳೆಯ ನಾಣ್ಯ. ಹಳೆಯದೇನು ಬಂತು, ಮೊನ್ನೆ ಮೊನ್ನೆ ಅಚ್ಚಿನಲ್ಲಿ ಎರಕ ಹೊಯ್ದದ್ದು, ಭೂತಗನ್ನಡಿಯೂ ಬೇಕಾಗಲಿಲ್ಲ. ಅವಳಿಗೆ ಮಾತ್ರ ಅಪ್ಪಟ ಅಂದೆ. ಹಾಗಾಗಿ ಈ ವರ್ಷ ನನಗೆ ಐದು ನಾಣ್ಯ.

ಅವಳು ಚಹಾ ಮಾಡಲು ಒಳಗೆ ಹೋದಾಗ ಪೊಟ್ಟಣ ಬಿಚ್ಚಿ, ಮತ್ತೆ ಕಟ್ಟಿದೆ. ಕುದುರೆಯನ್ನು ಕಳಿಸಲು ಕೈ ಬರಲಿಲ್ಲ. ಒಳಗಿರುವುದು ನನ್ನ ಹಳೆಯ ಕೋಟಿನಿಂದ ಕಿತ್ತ ಒಂದು ಗುಂಡಿ. ಈ ಪತ್ರವನ್ನು ಅವಳು ನೋಡಿಲ್ಲ. ಭಾನುವಾರ ಬೆಳಗ್ಗೆ ನಿಮಗೆ ಫೋನ್ ಮಾಡುತ್ತಾಳೆ, ನಾಣ್ಯ ತಲುಪಿತೇ ಎಂದು ಕೇಳಲು. ತಲುಪಿತಮ್ಮ ಎಂದು ಹೇಳಿಬಿಡಿ. ನೀವು ಹೇಳುತ್ತೀರಿ. ಅವಳ ಮನಸ್ಸು ನೋಯಿಸುವುದು ನಿಮ್ಮಿಂದಾಗದು ಎಂದು ನನಗೀಗ ಗೊತ್ತಾಗಿದೆಯಲ್ಲ.